ಇಸಬ್ಗೋಲ್: ಹೊಟ್ಟಾ, ಪುಡಿಯಾ, ಕ್ಯಾಪ್ಸೂಲಾ? ಮಾವನಿಗೆ ಯಾವುದು ಆಗಬಹುದು?

ಬದಿಯಡ್ಕದ ಸೊಸೆ:

ಎಲ್ಲರಿಗೂ ನಮಸ್ಕಾರ. ಮಾವನಿಗೆ 74 ವರ್ಷ. ಮಲಬದ್ಧತೆ ಮೊದಲಿಂದಲೂ ಸ್ವಲ್ಪ ಇತ್ತು, ಈಗ ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೆ ಜಾಸ್ತಿಯಾಗಿದೆ. ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೆದರುವಂಥದ್ದು ಏನೂ ಇಲ್ಲ, ಇಸಬ್ಗೋಲ್ ಕೊಡಿ ಅಂದರು. ಯಾವ ತರದ್ದು ಅಂತ ಕೇಳುವಷ್ಟರಲ್ಲಿ ಮುಂದಿನ ಟೋಕನಿನವರು ಒಳಗೆ ಬಂದಾಗಿತ್ತು.

ಈಗ ನಮ್ಮ ಮನೆಯಲ್ಲಿ ನಾಲ್ಕು ತರದ್ದು ಉಂಟು. ಮೆಡಿಕಲ್‌ನಿಂದ ತಂದ ಬರೀ ಹೊಟ್ಟು, ಅದೇ ಅಂಗಡಿಯವರು ಕೊಟ್ಟ ಕಿತ್ತಳೆ ರುಚಿಯ ಪುಡಿ, ಭಾವ ದುಬೈಯಿಂದ ತಂದ ಕ್ಯಾಪ್ಸೂಲು, ಜೊತೆಗೆ ಜಗಿಯುವ ಫೈಬರ್ ಗಮ್ಮಿ. ಗಮ್ಮಿ ಬಾಟಲಿಯನ್ನು ಮಕ್ಕಳು ಆಗಲೇ ಅರ್ಧ ಖಾಲಿ ಮಾಡಿದ್ದಾರೆ, ಅದರ ಫಲ ಏನು ಅಂತ ಇಲ್ಲಿ ಬರೆಯುವುದಿಲ್ಲ!

ಮಾವನಿಗೆ ಲೋಳೆ ಅಂದರೆ ಆಗುವುದಿಲ್ಲ. ಬಸಳೆ ಸಾಂಬಾರಿಗೇ ಮುಖ ಸಿಂಡರಿಸುವವರು. ಹೊಟ್ಟನ್ನು ನೀರಿಗೆ ಹಾಕಿ ಕೊಟ್ಟರೆ ಲೋಟ ಪಕ್ಕಕ್ಕಿಟ್ಟು ಪೇಪರ್ ಓದುತ್ತಾ ಕೂರುತ್ತಾರೆ, ಅಷ್ಟರಲ್ಲಿ ಅದು ಚಮಚ ನಿಲ್ಲುವಷ್ಟು ಗಟ್ಟಿ. ಮತ್ತೆ ಯಾರು ಕುಡಿಯುತ್ತಾರೆ? ಕ್ಯಾಪ್ಸೂಲಾದರೆ ನುಂಗುತ್ತೇನೆ ಅನ್ನುತ್ತಾರೆ. ಅವರಿಗೆ ಶುಗರ್ ಉಂಟು, ಥೈರಾಯ್ಡ್ ಮಾತ್ರೆಯೂ ಉಂಟು. ರಾತ್ರಿ ಏಳಬೇಕಾಗುತ್ತದೆ ಅಂತ ನೀರು ಕುಡಿಯುವುದೇ ಕಡಿಮೆ. ಇದರಲ್ಲಿ ಯಾವುದು ಕೊಡಲಿ? ಎಲ್ಲ ಒಂದೇನಾ, ಅಥವಾ ಕೆಲಸದಲ್ಲಿ ವ್ಯತ್ಯಾಸ ಇದೆಯಾ?

ಪೆರ್ಲದವ:

ಹೊಟ್ಟೇ ಸಾಕು ಮಾರಾಯ್ರೆ. ಉಳಿದದ್ದೆಲ್ಲ ಡಬ್ಬಿಗೆ ಕೊಡುವ ದುಡ್ಡು. ನಮ್ಮ ಅಜ್ಜ ಮಜ್ಜಿಗೆಗೆ ಹಾಕಿ ಒಂದೇ ಗುಟುಕಿಗೆ ಮುಗಿಸುತ್ತಿದ್ದರು.

ಕುಂಬಳೆ ಹಳೇ ಕೌಂಟರ್:

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ತುಂಬ ವರ್ಷ ನಿಂತವನು ನಾನು, ಈಗ ತೋಟ ನೋಡಿಕೊಂಡಿದ್ದೇನೆ. ದಿನಾ ಕೇಳುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದ ಆಗಬಹುದು.

ನಿಮ್ಮ ನಾಲ್ಕರಲ್ಲಿ ಮೊದಲ ಮೂರೂ ಒಂದೇ ವಸ್ತು. ಒಂದು ಸಣ್ಣ ಗಿಡದ ಬೀಜದ ಮೇಲಿನ ಸಿಪ್ಪೆ. ಗುಜರಾತ್, ರಾಜಸ್ಥಾನದಲ್ಲಿ ಬೆಳೆಯುತ್ತಾರೆ, ಗುಜರಾತಿನ ಊಂಝಾ, ಸಿದ್ಧಪುರದ ಕಡೆ ಸಿಪ್ಪೆ ಬಿಡಿಸುವ ಮಿಲ್ಲುಗಳಿವೆ. ದುಬೈಯಿಂದ ಬಂದ ಬಾಟಲಿಯ ಒಳಗಿರುವುದೂ ಹೆಚ್ಚುಕಮ್ಮಿ ಅಲ್ಲಿಂದಲೇ ಹೋದದ್ದು ಇರಬಹುದು. ಆ ಸಿಪ್ಪೆ ನೀರು ಹೀರಿ ಉಬ್ಬಿ ಲೋಳೆ ಆಗುತ್ತದೆ, ಆ ಲೋಳೆಯೇ ಮಲವನ್ನು ಮೆತ್ತಗೆ ಮಾಡುವುದು. ಅಂದರೆ ನಿಮ್ಮ ಮಾವನಿಗೆ ಯಾವುದು ಕಂಡರೆ ಆಗುವುದಿಲ್ಲವೋ ಕೆಲಸ ಮಾಡುವುದೂ ಅದೇ. ಕ್ಯಾಪ್ಸೂಲಿನಲ್ಲಿ ಅದು ಬಾಯಿಯ ಬದಲು ಹೊಟ್ಟೆಯೊಳಗೆ ಲೋಳೆ ಆಗುತ್ತದೆ, ಅಷ್ಟೇ ವ್ಯತ್ಯಾಸ.

ಕ್ಯಾಪ್ಸೂಲಿನ ತಾಪತ್ರಯ ಲೆಕ್ಕದಲ್ಲಿ. ಬಾಟಲಿಯ ಹಿಂದೆ ನೋಡಿ, ಒಂದರಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ ಆಸುಪಾಸು ಇರುತ್ತದೆ. ಹೊಟ್ಟು 5 ಗ್ರಾಂ ತೆಗೆದುಕೊಳ್ಳುವವರು ಅಷ್ಟಕ್ಕೇ 10 ಕ್ಯಾಪ್ಸೂಲು ನುಂಗಬೇಕು. ರಾತ್ರಿ ಎರಡು ನುಂಗಿ, ಏನೂ ಪ್ರಯೋಜನ ಇಲ್ಲ ಅಂತ ಬಾಟಲಿ ವಾಪಸ್ ತರುವವರು ಎಷ್ಟೋ ಜನ. ಪ್ರಯೋಜನ ಆಗುವುದು ಹೇಗೆ, ಒಳಗೆ ಹೋದದ್ದೇ ಒಂದು ಗ್ರಾಂ. ಇನ್ನು ಕೊಲೆಸ್ಟ್ರಾಲಿಗೆ ಅಂತ ತೆಗೆದುಕೊಳ್ಳುವವರ ಲೆಕ್ಕ ಬೇರೆಯೇ. ಅಮೆರಿಕದಲ್ಲಿ ಆಹಾರ, ಔಷಧಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1998ರಲ್ಲಿ ಇಸಬ್ಗೋಲ್ ಹೃದಯಕ್ಕೆ ಒಳ್ಳೆಯದು ಅಂತ ಡಬ್ಬಿ ಮೇಲೆ ಬರೆಯಲು ಅನುಮತಿ ಕೊಟ್ಟಾಗ ಇಟ್ಟ ಅಳತೆ ದಿನಕ್ಕೆ 7 ಗ್ರಾಂ ಕರಗುವ ನಾರು, ಅಂದರೆ ಹೊಟ್ಟು ಸುಮಾರು 10 ಗ್ರಾಂ. ಕ್ಯಾಪ್ಸೂಲಿನಲ್ಲಿ 20! ಆಮೇಲೆ ಊಟಕ್ಕೆ ಜಾಗ ಎಲ್ಲಿ?

ಪುಡಿ ಅಂದರೆ ಅದೇ ಹೊಟ್ಟನ್ನು ನುಣ್ಣಗೆ ಮಾಡಿದ್ದು. ನೀರಿನಲ್ಲಿ ಬೇಗ ಬೆರೆಯುತ್ತದೆ, ಬಾಯಿಗೆ ತರಿತರಿ ಸಿಗುವುದಿಲ್ಲ. ಆದರೆ ಹೊಟ್ಟು ಹಗುರ, ಪುಡಿ ಭಾರ. ಹೊಟ್ಟಿನ ಒಂದು ಚಮಚದ ಬದಲು ಪುಡಿಯ ಒಂದು ಚಮಚ ಹಾಕಿದರೆ ಜಾಸ್ತಿಯೇ ಹೋಗುತ್ತದೆ. ಡಬ್ಬಿ ಮೇಲೆ ಗ್ರಾಂ ಎಷ್ಟು ಬರೆದಿದೆ ಅಂತ ನೋಡಿ ಹಾಕಬೇಕು. ಕಿತ್ತಳೆ ರುಚಿಯದ್ದರಲ್ಲಿ ಇನ್ನೊಂದು ಸಂಗತಿ ಉಂಟು: ಕೆಲವು ಡಬ್ಬಿಗಳಲ್ಲಿ ಸಕ್ಕರೆ ಸಾಕಷ್ಟು ಇರುತ್ತದೆ. ಶುಗರ್ ಇರುವವರಿಗೆ ಸಕ್ಕರೆ ಇಲ್ಲದ್ದು ಅಂತ ಕೇಳಿಯೇ ತರಬೇಕು.

ಗಮ್ಮಿ ಬೇರೆ ಜಾತಿ. ಅದರಲ್ಲಿ ಹೆಚ್ಚಾಗಿ ಇರುವುದು ಇನುಲಿನ್, ಚಿಕೋರಿ ಬೇರಿನಿಂದ ತೆಗೆಯುವ ನಾರು. ಅದು ದೊಡ್ಡ ಕರುಳಿನಲ್ಲಿ ಹುಳಿಯುತ್ತದೆ, ಅದಕ್ಕೇ ಗ್ಯಾಸ್. ಇಸಬ್ಗೋಲ್ ಅಷ್ಟಾಗಿ ಹುಳಿಯುವುದಿಲ್ಲ. ಮಕ್ಕಳ ಕಥೆ ನೀವು ಬರೆಯದೆಯೇ ಅರ್ಥ ಆಯಿತು.

ಅಕ್ಕಲಕೋಟ ಮಾಸ್ತರ:

ಲೆಕ್ಕ ಸರಿ ಅದ ಅಣ್ಣಾ, ಒಪ್ಪಿದೆ. ಆದರೆ ಲೋಟ ಮುಟ್ಟದ ಮನುಷ್ಯಾಗ ಹೊಟ್ಟು ಛಲೋ ಅಂತ ಎಷ್ಟು ಹೇಳಿದರೂ ಒಳಗೆ ಹೋಗೋದು ಸೊನ್ನೆ ಗ್ರಾಂ. ನಮ್ಮ ತಂದೆಯವರೂ ಹಿಂಗೇ ಇದ್ದರು. ಮುಂಜಾನೆ ನಾಲ್ಕು, ಸಂಜೆ ನಾಲ್ಕು ಕ್ಯಾಪ್ಸೂಲು ಮಾಡಿದೆವು, ನಡೀತು. ನಮ್ಮ ಕಡೆ ಮಂದಿ ಜೋಳದ ರೊಟ್ಟಿ ತಿಂತೀವಿ, ನಮಗ್ಯಾಕ ನಾರು ಅಂತಾರೆ, ಆದರೆ ಹಲ್ಲು ಹೋದ ಮೇಲೆ ರೊಟ್ಟಿ ಎಲ್ಲಿ, ಅನ್ನ ಸಾರೇ ಗತಿ. ಪ್ರಯಾಣದಾಗಂತೂ ಕ್ಯಾಪ್ಸೂಲೇ ಬೇಕು. ಬಸ್ಸಿನಾಗ ಕುಂತು ಲೋಟದಾಗ ಹೊಟ್ಟು ಕಲಸಾಕ ಆಗತದೇನು?

ಕುಂಬಳೆ ಹಳೇ ಕೌಂಟರ್:

ಮಾಸ್ತರೇ, ಎಂಟು ನುಂಗುವವರು ಇದ್ದರೆ ನನ್ನ ತಕರಾರಿಲ್ಲ. ಈ ಮಾವನವರಿಗೆ ಆಗಲೇ ಕಬ್ಬಿಣ, ಥೈರಾಯ್ಡ್, ಶುಗರ್ ಮಾತ್ರೆ ಅಂತ ಮಾತ್ರೆಗಳ ಸಾಲೇ ಇದೆ, ಅದರ ಮೇಲೆ ಇನ್ನೆಂಟು ಅಂದರೆ ನಾಲ್ಕು ದಿನದಲ್ಲಿ ಬೇಸರ ಬರುತ್ತದೆ. ಇನ್ನೊಂದು, ಕ್ಯಾಪ್ಸೂಲು ಅಂದ ಕೂಡಲೇ ಜನ ಒಂದು ಗುಟುಕು ನೀರು ಕುಡಿದು ಮುಗಿಸುತ್ತಾರೆ. ನನಗೆ ಆಗದಿರುವುದು ಅದು.

ನೀರ್ಚಾಲು ನರ್ಸ್:

ಆ ನೀರಿನ ಮಾತು ಬಂತಲ್ಲ, ಅದನ್ನೇ ಹೇಳಬೇಕು ಅಂತಿದ್ದೆ. ಅಕ್ಕ, ನಿಮ್ಮ ಪ್ರಶ್ನೆಯಲ್ಲಿ ನನಗೆ ಚಿಂತೆ ಆದದ್ದು ಹೊಟ್ಟಾ ಕ್ಯಾಪ್ಸೂಲಾ ಅನ್ನುವುದಲ್ಲ, ಮಾವ ನೀರು ಕುಡಿಯುವುದಿಲ್ಲ ಅನ್ನುವುದು. ಯಾವ ತರದ್ದೇ ಕೊಡಿ, ಪ್ರತಿ ಸಲ ಕನಿಷ್ಠ ಒಂದು ದೊಡ್ಡ ಲೋಟ, 240 ಮಿಲಿ ನೀರು ಹೋಗಲೇಬೇಕು. ನೀರು ಸಾಲದಿದ್ದರೆ ಅದು ಗಂಟಲಲ್ಲೋ ಅನ್ನನಾಳದಲ್ಲೋ ಉಬ್ಬಿ ಸಿಕ್ಕಿಹಾಕಿಕೊಳ್ಳಬಹುದು, ಕರುಳಿನಲ್ಲಿ ಗಟ್ಟಿಯಾಗಿ ಮಲಬದ್ಧತೆ ಮೊದಲಿಗಿಂತ ಜಾಸ್ತಿಯೂ ಆಗಬಹುದು. ಒಣ ಹೊಟ್ಟನ್ನು ಬಾಯಿಗೆ ಹಾಕಿ ಮೇಲಿಂದ ನೀರು ಕುಡಿಯುವುದು ಬೇಡವೇ ಬೇಡ. ನುಂಗುವಾಗ ಕೆಮ್ಮು ಬರುವವರು, ಪಾರ್ಶ್ವವಾಯು ಆದವರು, ಹಿಂದೆ ಕರುಳು ಕಟ್ಟಿದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹೃದಯ, ಕಿಡ್ನಿ ತೊಂದರೆಗೆ ನೀರು ಕಡಿಮೆ ಕುಡಿಯಿರಿ ಅಂತ ಹೇಳಿದವರೂ ಅಷ್ಟೇ.

ರಾತ್ರಿ ಏಳಬೇಕು ಅನ್ನುವುದಕ್ಕೆ ಉಪಾಯ ಉಂಟು. ರಾತ್ರಿ ಮಲಗುವಾಗಲೇ ಕೊಡಬೇಕು ಅಂತ ಏನೂ ಇಲ್ಲ, ನಮ್ಮಲ್ಲಿ ಸುಮ್ನೆ ಹಾಗೆ ರೂಢಿ ಆಗಿದೆ. ಹಗಲು ಹೊತ್ತಿನಲ್ಲಿ ಕೊಡಿ. ಬೇರೆ ಮಾತ್ರೆಗಳಿಂದ 2 ಗಂಟೆ ಹಿಂದೆ ಮುಂದೆ ಇರಲಿ, ಯಾಕೆಂದರೆ ಆ ಲೋಳೆ ಮಾತ್ರೆಯನ್ನೂ ಹಿಡಿದಿಟ್ಟುಕೊಂಡು ಮೈಗೆ ಸೇರದ ಹಾಗೆ ಮಾಡಬಹುದು. ಥೈರಾಯ್ಡ್ ಮಾತ್ರೆಯಿಂದ ಇನ್ನೂ ದೂರ ಇಟ್ಟರೆ ಒಳ್ಳೆಯದು. ಮತ್ತೆ ಕಬ್ಬಿಣದ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ 4 ಗಂಟೆ ಅಂತರ ಬೇಕು, ಇದು ತುಂಬ ಮನೆಗಳಲ್ಲಿ ತಪ್ಪಿಹೋಗುತ್ತದೆ. ಇಸಬ್ಗೋಲ್ ಶುರುವಾದ ಮೇಲೆ ಊಟದ ನಂತರದ ಶುಗರ್ ಸ್ವಲ್ಪ ಇಳಿಯಬಹುದು, ಮನೆಯಲ್ಲಿ ಯಂತ್ರ ಇದ್ದರೆ ಆಗಾಗ ನೋಡಿಕೊಳ್ಳಿ.

ಇವತ್ತು ಕೊಟ್ಟು ನಾಳೆ ಬೆಳಿಗ್ಗೆಯೇ ಆಗಬೇಕು ಅಂತ ಕಾಯಬೇಡಿ. 12 ಗಂಟೆಯಿಂದ ಮೂರು ದಿನದವರೆಗೂ ಹಿಡಿಯುತ್ತದೆ. ಆಗಲಿಲ್ಲ ಅಂತ ಎರಡನೇ ದಿನಕ್ಕೇ ಅಳತೆ ದುಪ್ಪಟ್ಟು ಮಾಡುವುದು ಬೇಡ. ಸಣ್ಣ ಚಮಚದಿಂದ ಶುರು ಮಾಡಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ಮಲದಲ್ಲಿ ರಕ್ತ, ಹೊಟ್ಟೆನೋವು, ವಾಂತಿ ಏನಾದರೂ ಕಂಡರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗುವುದು ಇದ್ದದ್ದೇ, ಆದರೆ ಡಾಂಬರಿನ ಹಾಗೆ ಅಂಟಂಟಾಗಿ ವಾಸನೆ ಬಂದರೆ ಅದು ಬೇರೆ ವಿಷಯ. ಕಬ್ಬಿಣದ ಮಾತ್ರೆಯನ್ನೇ ಬದಲಿಸಲು ಆಗುತ್ತದಾ ಅಂತಲೂ ಒಮ್ಮೆ ಕೇಳಿ ನೋಡಿ.

ಪೆರ್ಲದವ:

ಇಷ್ಟೆಲ್ಲ ಯಾಕೆ, ಬಾಳೆದಿಂಡಿನ ಪಲ್ಯ ಮಾಡಿ ಬಡಿಸಿ. ತೋಟದಲ್ಲೇ ಉಂಟಲ್ವಾ?

ನೀರ್ಚಾಲು ನರ್ಸ್:

ಬಡಿಸಲಿ, ಯಾರು ಬೇಡ ಅಂದರು? ಡಬ್ಲ್ಯುಎಚ್‌ಒ ದೊಡ್ಡವರಿಗೆ ಹೇಳುವುದು ದಿನಕ್ಕೆ ಕನಿಷ್ಠ 25 ಗ್ರಾಂ ನಾರು, ಅದೂ ಊಟದಿಂದಲೇ. ಹುರುಳಿ, ಹೆಸರು, ಅಲಸಂಡೆ, ಹರಿವೆ ಸೊಪ್ಪು, ಸಿಪ್ಪೆ ಸಮೇತ ಪೇರಳೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಬರೀ ಗಂಜಿ ಉಪ್ಪಿನಕಾಯಿಯಲ್ಲಿ ಹೊತ್ತು ಕಳೆಯುವವರಿಗೆ ಅಷ್ಟು ಸಿಗುವುದು ಕಷ್ಟ. ಇಸಬ್ಗೋಲ್ ಇದ್ದರೂ ಪಲ್ಯ ಇರಲಿ.

ಬದಿಯಡ್ಕದ ಸೊಸೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಬಾಟಲಿ ನೋಡಿದೆ, ಒಂದು ಕ್ಯಾಪ್ಸೂಲಿಗೆ 500 ಮಿಲಿಗ್ರಾಂ ಅಂತಲೇ ಉಂಟು. ಕಿತ್ತಳೆ ಡಬ್ಬಿಯಲ್ಲಿ ಸಕ್ಕರೆಯ ಹೆಸರು ಮೊದಲೇ ಇದೆ, ಅದನ್ನು ಬದಿಗಿಟ್ಟೆ. ಮಾವನ ಹತ್ತಿರ ಲೆಕ್ಕ ಹೇಳಿದೆ. ಹತ್ತು ನುಂಗಬೇಕಾ ಅಂತ ಒಮ್ಮೆ ನನ್ನ ಮುಖ ನೋಡಿ, ಹಾಗಾದರೆ ಪುಡಿ ತರಿಸು ಅಂದರು. ಥೈರಾಯ್ಡ್ ಬೆಳಿಗ್ಗೆ ಆರಕ್ಕೆ, ಕಬ್ಬಿಣ ಹನ್ನೊಂದಕ್ಕೆ, ಶುಗರ್ ಮಾತ್ರೆ ತಿಂಡಿ ಮತ್ತು ರಾತ್ರಿ ಊಟದ ಜೊತೆ. ಸಂಜೆ ನಾಲ್ಕೂವರೆಗೆ ಇಸಬ್ಗೋಲ್ ಕೊಟ್ಟರೆ ಸರಿಯಾಗುತ್ತದಾ? ನೀರಿನ ಬದಲು ಮಜ್ಜಿಗೆ ಆಗಬಹುದಾ?

ನೀರ್ಚಾಲು ನರ್ಸ್:

ನಾಲ್ಕೂವರೆ ಸರಿಯಾದ ಹೊತ್ತು, ಎಲ್ಲದಕ್ಕೂ ದೂರ. ಮಜ್ಜಿಗೆ ಆಗುತ್ತದೆ, ತೆಳ್ಳಗೆ ನೀರು ಮಾಡಿ ಕೊಡಿ. ಮೇಲಿಂದ ಅರ್ಧ ಲೋಟ ನೀರೂ ಹೋಗಲಿ.

ಕುಂಬಳೆ ಹಳೇ ಕೌಂಟರ್:

ಸಕ್ಕರೆ ಇಲ್ಲದ ಬರೀ ಪುಡಿ ಅಂತ ಕೇಳಿ ತರಿಸಿ. ಲೋಟ ಅವರ ಕೈಗೆ ಕೊಟ್ಟ ಮೇಲೆ ಕಲಸಿ, ಮೊದಲೇ ಕಲಸಿ ಇಡಬೇಡಿ. ಕಲಸಿದ ಕೂಡಲೇ ಕುಡಿದರೆ ಲೋಳೆ ಬಾಯಿಗೆ ಗೊತ್ತೇ ಆಗುವುದಿಲ್ಲ. ಪೇಪರ್ ಆಮೇಲೆ ಕೊಡಿ! ಮತ್ತೆ ನಮ್ಮ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಪುಡಿ ತೇವ ಎಳೆದು ಗಂಟು ಕಟ್ಟುತ್ತದೆ, ಒದ್ದೆ ಚಮಚ ಹಾಕಿದರಂತೂ ಮುಗಿಯಿತು. ಸಣ್ಣ ಡಬ್ಬಿಯೇ ತನ್ನಿ, ಒಣ ಚಮಚ ಬೇರೆ ಇಡಿ.