ತೊಳೆಯ ‘ಬೆಂಡು’, ‘ಹಿಪ್ಪೆ’: ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಸುಲಿದು ತಿನ್ನಲೆಂದೇ ಬೆಳೆಸುವ ಹೊಸ ಸ್ವೀಟ್ ಆರೆಂಜ್ ತಳಿಗಳ ರುಚಿ ನೋಡಿ ಅಂಕ ಕೊಡುವ ನಮೂನೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲನೆಯದು ಹಣ್ಣಿನ ಹೆಸರೇ. ಬೆಂಗಳೂರಿನಲ್ಲಿ ಕಿತ್ತಳೆ ಎಂದರೆ ಕೊಡಗಿನದೋ ನಾಗಪುರದ್ದೋ, ಸಿಪ್ಪೆ ಸಡಿಲವಾಗಿರುವ ಹಣ್ಣು. ಅದು ಮ್ಯಾಂಡರಿನ್. ಸ್ವೀಟ್ ಆರೆಂಜ್ ಎಂಬುದು ಮೂಸಂಬಿ, ಸಾತ್‌ಗುಡಿಗಳ ಜಾತಿ. ಅಂಗಡಿಯಲ್ಲಿ ಸ್ಟಿಕ್ಕರ್ ಅಂಟಿಸಿಟ್ಟಿರುವ ನೇವಲ್, ವೆಲೆನ್ಸಿಯಾ ಕೂಡ ಅದೇ. ಹಾಗೆಂದು ಕೆಂಬಣ್ಣದ ನೇವಲ್ಲನ್ನು ಮೂಸಂಬಿ ಎಂದರೆ ಯಾರೂ ಒಪ್ಪುವುದಿಲ್ಲ. ಈಳೆ ಎಂದರೆ ನಿಂಬೆ ಜಾತಿಯ ಹಣ್ಣು; ಕಿರಿದು ಈಳೆ ಕಿತ್ತೀಳೆಯಾಗಿ ಕಿತ್ತಳೆಯಾಯಿತು, ಹಿರಿದು ಈಳೆ ಹೇರಳೆಯಾಯಿತು. ಮೂಲದಲ್ಲೇ ಇಷ್ಟು ಅಗಲವಾದ ಪದವಾದ್ದರಿಂದ ‘ಸಿಹಿಗಿತ್ತಳೆ’ ಎಂದು ಬರೆದಿದ್ದೇನೆ. ಇದು ನನಗೆ ಸಮಾಧಾನ ತಂದಿದೆ.

ನಿಜವಾದ ತೊಡಕು ಗ್ರ್ಯಾನ್ಯುಲೇಷನ್. ತೊಳೆಯೊಳಗಿನ ರಸದ ಪುಟ್ಟ ಚೀಲಗಳು ಗಟ್ಟಿಯಾಗಿ, ಬಿಳಿಚಿ, ಒಣಗಿಹೋಗುವ ದೋಷವದು. ಮೊದಲು ‘ಹರಳುಗಟ್ಟುವಿಕೆ’ ಎಂದು ಹಾಕಿದ್ದೆ. ಓದಿದವರು ಸಕ್ಕರೆ ಹರಳೇನೋ ಎಂದುಕೊಂಡು ಅದಕ್ಕೇ ಹೆಚ್ಚು ಅಂಕ ಕೊಟ್ಟರು! ಹೋದ ವಾರ ಗಾಂಧಿ ಬಜಾರಿನಲ್ಲಿ ಮೂಸಂಬಿ ಆರಿಸುತ್ತಿದ್ದಾಗ ಹಣ್ಣು ಮಾರುವಾಕೆ, “ದಪ್ಪಂದು ಬ್ಯಾಡ ಕಣಮ್ಮ, ಬೆಂಡಾಗಿರ್ತದೆ. ಕೈಯಲ್ಲಿ ಭಾರ ನೋಡ್ಕೊಂಡು ತಗೋ” ಎಂದರು. ಮನೆಗೆ ಬಂದು ಬೇಕೆಂದೇ ತಂದಿದ್ದ ಒಂದು ದಪ್ಪ ಹಣ್ಣನ್ನು ಕೊಯ್ದೆ. ತೊಟ್ಟಿನ ಕಡೆಯ ಅರ್ಧ ಬೆಳ್ಳಗೆ, ಹಿಂಡಿದರೂ ಹನಿ ಇಲ್ಲ; ಕೆಳಗಿನ ಅರ್ಧದಲ್ಲಿ ಮಾತ್ರ ರಸ. ಈ ದೋಷ ದೊಡ್ಡ ಹಣ್ಣಿನಲ್ಲೇ ಹೆಚ್ಚು, ತೊಟ್ಟಿನಿಂದಲೇ ಶುರು. ಬಲಿತ ಮೂಲಂಗಿಗೆ ಹೇಳುವ ‘ಬೆಂಡು’ ಇಲ್ಲಿಗೂ ಹೇಳಿಮಾಡಿಸಿದಂತಿದೆ.

ಎರಡನೆಯದು ರ‍್ಯಾಗ್. ತೊಳೆಯನ್ನು ಅಗಿದು ರಸವೆಲ್ಲ ಹೋದ ಮೇಲೆ ಬಾಯಲ್ಲಿ ಉಳಿಯುವ ಪೊರೆ, ನಾರಿನ ಮುದ್ದೆ. ರಸಕ್ಕೆ ಬೆಳೆಸುವ ತಳಿಯಲ್ಲಿ ಇದನ್ನು ಯಂತ್ರವೇ ಸೋಸುತ್ತದೆ. ತಿನ್ನುವ ಹಣ್ಣಿನಲ್ಲಿ ನುಂಗಬೇಕು, ಇಲ್ಲ ಉಗುಳಬೇಕು. ‘ನಾರಿನಂಶ’ ಎಂದರೆ ಆರೋಗ್ಯದ ಮಾತಾಗುತ್ತದೆ. ಕಬ್ಬಿನದನ್ನು ಹಿಪ್ಪೆ ಎನ್ನುತ್ತೇವಲ್ಲ, ಇದನ್ನೂ ಹಾಗೇ ಕರೆದು ‘ಹಿಪ್ಪೆ ಉಳಿಯಿತೇ? ನುಂಗಲಾಯಿತೇ?’ ಎಂದು ಕೇಳೋಣವೇ?

ರಸದಲ್ಲಿ ಕರಗಿರುವ ಸಕ್ಕರೆಯ ಅಳತೆಯಾದ ‘ಬ್ರಿಕ್ಸ್’ ಪದ ಹಾಗೇ ಇರಲಿ. ಆದರೆ ಸಿಹಿ-ಹುಳಿಯ ಅನುಪಾತದ ಕಾಲಂಗೆ ‘ಸಿಹಿ’ ಎಂದಷ್ಟೇ ಬರೆಯಬಾರದು. 12 ಬ್ರಿಕ್ಸ್, ಶೇ 1 ಹುಳಿ ಇದ್ದರೆ ಅನುಪಾತ 12. ಅದೇ 10 ಬ್ರಿಕ್ಸಿಗೆ ಹುಳಿ ಶೇ 0.4 ಇದ್ದರೆ 25. ಸಕ್ಕರೆ ಕಡಿಮೆಯಿದ್ದರೂ ನಾಲಿಗೆಗೆ ಎರಡನೆಯದೇ ಸಿಹಿ. ಹುಳಿ ಇನ್ನೂ ಇಳಿದರೆ ‘ಸಪ್ಪೆ’. ಈ ಪದ ಎಲ್ಲರಿಗೂ ಕೂಡಲೇ ಹೊಳೆಯಿತು.

ಸಿಗದೆ ಉಳಿದದ್ದು ಒಂದೇ. ನೇವಲ್ ಹಣ್ಣನ್ನು ತಿನ್ನುವಾಗ ಕಹಿಯಿಲ್ಲ, ಹಿಂಡಿಟ್ಟ ರಸ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ರಸದ ಹುಳಿ ತಾಗಿ ಲಿಮೋನಿನ್ ಎಂಬ ಕಹಿ ವಸ್ತು ಹುಟ್ಟುವುದರಿಂದ ಹಾಗೆ. ಹೀಗೆ ತಡವಾಗಿ ಬರುವ ಕಹಿಗೆ ‘ಕಡೆಗಹಿ’ ಎಂದು ಕಟ್ಟಿದ್ದೇನೆ, ಆದರೆ ಬಾಯಿಗೆ ಒಗ್ಗುತ್ತಿಲ್ಲ. ಕೊಡಗು, ಮಲೆನಾಡು, ಉತ್ತರ ಕರ್ನಾಟಕದ ಕಡೆಯವರು ಮನೆಯಲ್ಲಿ ಇದಕ್ಕೆ ಏನಾದರೂ ಅನ್ನುತ್ತೀರಾ? ಬೆಂಡು, ಹಿಪ್ಪೆಗಳಿಗೂ ನಿಮ್ಮಲ್ಲಿ ಬೇರೆ ಪದವಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ಬರೆಯಿರಿ.