ನಾಸ್ಕಾದ ನೆಲಚಿತ್ರಗಳನ್ನು ವಿಮಾನದಿಂದ ನೋಡಲು 71 ವರ್ಷದ ತಂದೆಯವರನ್ನು ಕರೆದೊಯ್ಯಬಹುದೇ?

ಪ್ರಶ್ನೆ: ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಬಹುಕಾಲ ಚಿತ್ರಕಲೆ ಕಲಿಸಿ ನಿವೃತ್ತರಾದವರು. ನಾನು ಅದೇ ಶಾಲೆಯಲ್ಲಿ ಓದುತ್ತಿದ್ದಾಗ, ಪೆರು ದೇಶದ ನಾಸ್ಕಾ ಮರುಭೂಮಿಯ ನೆಲದ ಮೇಲೆ ಪ್ರಾಚೀನ ಜನರು ಗೆರೆಗಳಿಂದ ಮೂಡಿಸಿದ ಬೃಹತ್ ಚಿತ್ರಗಳಲ್ಲೊಂದಾದ ಕೋತಿಯನ್ನು ಅವರು ಒಂದು ಹಳೆಯ ಮಾಸಪತ್ರಿಕೆಯಿಂದ ತೆಗೆದುಕೊಂಡು ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಮಕ್ಕಳ ಕೈಯಲ್ಲಿ ಬರೆಸಿದ್ದರು. ಸುರುಳಿ ಸುತ್ತಿಕೊಂಡ ಅದರ ಬಾಲವನ್ನು ನೋಡಲು ನಾವು ಕೆಲವರು ಮೂರನೆಯ ಮಹಡಿಗೆ ಓಡಿದ್ದೆವು. ಕೋತಿಯ ಎರಡು ಕೈಗಳಲ್ಲಿ ಸೇರಿ ಒಂಬತ್ತೇ ಬೆರಳುಗಳಿವೆ ಎಂದು ಅವರು ಮಕ್ಕಳು ಬರೆದ ಹತ್ತನೆಯ ಬೆರಳನ್ನು ಅಳಿಸಿದ್ದು ಇಂದಿಗೂ ನನಗೆ ನೆನಪಿದೆ. ಆ ಕೋತಿಯನ್ನು ಅವರಿಗೆ ಕಣ್ಣಾರೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ.

ಅವರ ರಕ್ತದೊತ್ತಡ ಔಷಧಿಯಿಂದ ಹತೋಟಿಯಲ್ಲಿದೆ. ಆದರೆ ಊರಿಗೆ ಹೋಗುವಾಗ ಶಿರಾಡಿ ಘಾಟಿಯ ತಿರುವುಗಳಲ್ಲಿ ಅವರಿಗೆ ಪ್ರತಿಸಲವೂ ವಾಂತಿಯಾಗುತ್ತದೆ. ಸಣ್ಣ ವಿಮಾನ ವಾಲಿ ವಾಲಿ ಹಾರುತ್ತದೆಂದು ಓದಿ ಹಿಂಜರಿಯುತ್ತಿದ್ದೇನೆ. ಅಲ್ಲಿ ನಡೆದ ಅಪಘಾತಗಳ ಸುದ್ದಿಯೂ ಮನಸ್ಸಿನಲ್ಲಿದೆ. ಹೋಗಿ ಬಂದವರು ದಯವಿಟ್ಟು ತಿಳಿಸಬೇಕು: ಅವರು ವಿಮಾನ ಹತ್ತಬಹುದೇ? ಹತ್ತಲಾಗದಿದ್ದರೆ ಅಷ್ಟು ದೂರ ಹೋಗುವುದಕ್ಕೆ ಅರ್ಥವಿದೆಯೇ?

ಉತ್ತರ 1: ಪುಣೆ, ಕೊಥ್ರೂಡ್‌ನಿಂದ

ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋಗಿ ಬಂದಿದ್ದೇವೆ. ಆಕೆಗೂ ತಮ್ಮ ತಂದೆಯವರಂತೆಯೇ ಘಾಟಿಯ ತೊಂದರೆ ಇರುವುದರಿಂದ ಇದ್ದದ್ದನ್ನು ಇದ್ದಂತೆಯೇ ಬರೆಯುತ್ತೇನೆ. ನಾಸ್ಕಾ ಊರಿನ ವಿಮಾನ ನಿಲ್ದಾಣಕ್ಕೆ ಮರಿಯಾ ರೈಖೆ ಅವರ ಹೆಸರಿದೆ. ಜರ್ಮನಿಯಲ್ಲಿ ಹುಟ್ಟಿ, ಗಣಿತ ಓದಿ, 1998ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ಬದುಕಿನ ಬಹುಭಾಗವನ್ನು ಈ ಗೆರೆಗಳನ್ನು ಅಳೆಯುವುದಕ್ಕೂ ಕಾಯುವುದಕ್ಕೂ ಮುಡಿಪಾಗಿಟ್ಟ ಮಹಿಳೆ ಅವರು. ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡಿ, ಪ್ರತಿಯೊಬ್ಬರನ್ನೂ ತೂಗಿ, ತೂಕಕ್ಕೆ ತಕ್ಕಂತೆ ಆಸನ ಕೊಡುತ್ತಾರೆ.

ಹಾರಾಟ ಅರ್ಧ ಗಂಟೆಯದು. ಎರಡೂ ಬದಿಯ ಕಿಟಕಿಯವರಿಗೆ ಕಾಣಲೆಂದು ಒಂದೊಂದು ಚಿತ್ರದ ಬಳಿಯೂ ವಿಮಾನವನ್ನು ಮೊದಲು ಒಂದು ಪಕ್ಕಕ್ಕೆ, ಆಮೇಲೆ ತಿರುಗಿಸಿ ತಂದು ಇನ್ನೊಂದು ಪಕ್ಕಕ್ಕೆ ವಾಲಿಸುತ್ತಾರೆ. ತಿಮಿಂಗಿಲ, ಗುಡ್ಡದ ಇಳಿಜಾರಿನ ಮೇಲಿನ ಮನುಷ್ಯಾಕೃತಿ, ಕೋತಿ, ಕಾಂಡೋರ್ ಹದ್ದು, ಜೇಡ, ಹಮ್ಮಿಂಗ್ ಬರ್ಡ್ ಎಂದು ಹೀಗೆ ಹನ್ನೆರಡು ಸಲವಾದರೂ ಹೊಟ್ಟೆ ತೊಳಸಲು ಅವಕಾಶ ಸಿಗುತ್ತದೆ. ಅದರಲ್ಲೂ ಕ್ಯಾಮೆರಾದ ಪರದೆಯನ್ನೇ ನೋಡುತ್ತ ಕುಳಿತವರಿಗೆ ಬೇಗ ವಾಂತಿಯಾಗುತ್ತದೆ. ನನ್ನ ಪತ್ನಿ ವೈದ್ಯರು ಹೇಳಿದ ಮಾತ್ರೆಯನ್ನು ಒಂದು ಗಂಟೆ ಮುಂಚೆ ತೆಗೆದುಕೊಂಡು, ಸ್ವಲ್ಪವೇ ತಿಂದು, ಒಂದು ಚಿತ್ರ ಮುಗಿದು ಇನ್ನೊಂದು ಬರುವವರೆಗೆ ದೂರದ ಬೆಟ್ಟಸಾಲನ್ನೇ ನೋಡುತ್ತ ಕುಳಿತಿದ್ದಳು. ಕೊನೆಯ ಐದು ನಿಮಿಷ ಕಷ್ಟಪಟ್ಟಳಾದರೂ ಕೋತಿಯನ್ನೂ ಜೇಡವನ್ನೂ ಚೆನ್ನಾಗಿ ನೋಡಿದಳು. ನಾನು ಫೋಟೊ ತೆಗೆಯುವ ಆತುರದಲ್ಲಿ ಕೋತಿಯನ್ನು ಸರಿಯಾಗಿ ನೋಡಲೇ ಇಲ್ಲ, ಆ ಕೊರಗು ಈಗಲೂ ಇದೆ. ಕೋತಿ ಸುಮಾರು 90 ಮೀಟರ್ ಉದ್ದವಿದ್ದರೂ ಮೇಲಿನಿಂದ ಅಂಗೈಯಷ್ಟೇ ಕಾಣುತ್ತದೆ, ಅದರ ಗೆರೆಯೂ ತೆಳುವು. ಆದ್ದರಿಂದ ತಂದೆಯವರಿಗೆ ಚಿತ್ರಗಳ ನಕಾಶೆಯನ್ನು ಮೊದಲೇ ಕೊಟ್ಟು ಅಭ್ಯಾಸ ಮಾಡಿಸಿರಿ.

ಬೆಳಗಿನ ಹಾರಾಟವನ್ನೇ ಕೇಳಿ ಪಡೆಯಿರಿ. ಹೊತ್ತೇರಿದಂತೆ ಮರಳುಗಾಡು ಕಾದು ಗಾಳಿ ಎದ್ದು ವಿಮಾನ ಕುಲುಕುತ್ತದೆ. ಮಂಜು ಮುಸುಕಿದರೆ ಕಾಯಿಸುತ್ತಾರೆ. ಅದಕ್ಕಾಗಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು. ರಾಜಧಾನಿ ಲೀಮಾಕ್ಕೆ ಹತ್ತಿರವೆಂದು ಪಿಸ್ಕೊ ಊರಿನಿಂದ ಹಾರುವವರೂ ಇದ್ದಾರೆ, ಆದರೆ ಅಲ್ಲಿಂದ ಆಕಾಶದಲ್ಲಿ ಕಳೆಯುವ ಕಾಲ ಒಂದೂವರೆ ಗಂಟೆಯಾಗುತ್ತದೆ. ತಮ್ಮ ತಂದೆಯವರಿಗೆ ಅದು ಬೇಡ. ಲೀಮಾದಿಂದ ನಾಸ್ಕಾಕ್ಕೆ ಬಸ್ಸಿನಲ್ಲಿ ಸುಮಾರು ಏಳು ಗಂಟೆ ಹಿಡಿದರೂ ದಾರಿ ಬಹುಪಾಲು ನೇರವಾಗಿದೆ. ರಾತ್ರಿ ಅಲ್ಲಿಯೇ ತಂಗಿ ವಿಶ್ರಾಂತಿ ಪಡೆದು ಮರುದಿನ ಹಾರಿರಿ.

ಅಪಘಾತಗಳ ಬಗೆಗಿನ ಭಯ ಸುಳ್ಳಲ್ಲ. 2010ರಲ್ಲಿ ಎರಡು ಸಲ, ಮತ್ತೆ 2022ರ ಫೆಬ್ರವರಿ 4ರಂದು ಪ್ರವಾಸಿ ವಿಮಾನಗಳು ಬಿದ್ದು, ಆ ಕೊನೆಯದರಲ್ಲಿದ್ದ ಏಳು ಮಂದಿಯೂ ತೀರಿಕೊಂಡರು. ನಾನು ಕಡಿಮೆ ದರವನ್ನು ನೋಡದೆ, ಇಬ್ಬರು ಪೈಲಟ್‌ಗಳಿರುವ, ಹನ್ನೆರಡು ಮಂದಿ ಕೂರುವ ಸೆಸ್ನಾ ಗ್ರ್ಯಾಂಡ್ ಕ್ಯಾರವಾನ್ ವಿಮಾನ ಇದೆಯೇ ಎಂದು ಕೇಳಿ ಟಿಕೆಟ್ ಮಾಡಿದೆ. ತಾವೂ ಹಾಗೆಯೇ ಮಾಡಿರಿ.

ಉತ್ತರ 2: ಗೋವಾ, ಫೋಂಡಾದಿಂದ

ಹಾರಾಟದ ಬಗ್ಗೆ ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ತಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ವಿಮಾನ ಹತ್ತದಿದ್ದರೂ ಹೋಗಬೇಕು. ಈ ಗೆರೆಗಳನ್ನು ಕ್ರಿ.ಪೂ. 500ರಿಂದ ಕ್ರಿ.ಶ. 500ರ ನಡುವೆ ಮಾಡಿದವರು ಅವನ್ನು ಒಮ್ಮೆಯೂ ಆಕಾಶದಿಂದ ನೋಡಿದವರಲ್ಲ. ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿದ ಮೇಲ್ಪದರದ ಕಲ್ಲುಗಳನ್ನು ಹೆಕ್ಕಿ ಬದಿಗೆ ಸರಿಸಿದರೆ ಕೆಳಗಿನ ತಿಳಿಬಣ್ಣದ ಮಣ್ಣು ಕಾಣುತ್ತದೆ, ಅದೇ ಗೆರೆ. ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಒಂದು ಗೇಣಿಗಿಂತ ಆಳವಿಲ್ಲದ ಗೆರೆಗಳು ಇಷ್ಟು ಶತಮಾನ ಉಳಿದಿವೆ. ನಮ್ಮ ಕೊಂಕಣದ ಒಂದೇ ಮಳೆಗಾಲ ಅವನ್ನು ತೊಳೆದುಬಿಡುತ್ತಿತ್ತು.

ಹೆಚ್ಚಿನ ಪ್ರಾಣಿಚಿತ್ರಗಳು ಒಂದೇ ಎಳೆಯ ಗೆರೆಯವು. ಒಂದು ಕಡೆಯಿಂದ ಒಳಹೊಕ್ಕವರು ಎಲ್ಲಿಯೂ ದಾಟದೆ ಇನ್ನೊಂದು ಕಡೆಯಿಂದ ಹೊರಬರಬಹುದು. ಆದ್ದರಿಂದ ಅವು ಸಾಲಾಗಿ ನಡೆಯುವ ಆಚರಣೆಯ ದಾರಿಗಳೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ನಮ್ಮ ಕರಾವಳಿಯಲ್ಲಿ ನಾಗಮಂಡಲ ನೋಡಿದವರಿಗೆ ಇದು ವಿಚಿತ್ರವೆನಿಸದು. ನೆಲದ ಮೇಲೆ ಬಣ್ಣದ ಪುಡಿಯಿಂದ ಬರೆದ ಸುರುಳಿಗೆ ಜೀವ ಬರುವುದು ರಾತ್ರಿಯಿಡೀ ಅದರ ಸುತ್ತ ಕುಣಿಯುವವರ ಹೆಜ್ಜೆಯಿಂದ. ಜಪಾನಿನ ಯಮಗಾತ ವಿಶ್ವವಿದ್ಯಾಲಯದ ತಂಡ ಕೃತಕ ಬುದ್ಧಿಮತ್ತೆಯ ನೆರವಿನಿಂದ ಇನ್ನೂ 303 ಆಕೃತಿಗಳನ್ನು ಗುರುತಿಸಿದ್ದನ್ನು 2024ರಲ್ಲಿ ಪ್ರಕಟಿಸಿತು. ಅವುಗಳಲ್ಲಿ ಹೆಚ್ಚಿನವು ಹತ್ತು ಮೀಟರಿನ ಆಸುಪಾಸಿನವು, ಕಾಲುದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಮಾಡಿದವು.

ಈಗ ಗೆರೆಗಳ ಮೇಲೆ ಯಾರೂ ಕಾಲಿಡುವಂತಿಲ್ಲ. 2014ರಲ್ಲಿ ಹಮ್ಮಿಂಗ್ ಬರ್ಡ್ ಪಕ್ಕಕ್ಕೆ ನುಗ್ಗಿದ ಪರಿಸರ ಕಾರ್ಯಕರ್ತರ ಹೆಜ್ಜೆಗಳೂ, 2018ರಲ್ಲಿ ಹೆದ್ದಾರಿ ಬಿಟ್ಟು ಒಳಬಂದ ಲಾರಿಯ ಚಕ್ರಗಳೂ ಮಾಡಿದ ಗಾಯವನ್ನು ನೆನೆದರೆ ಆ ಕಟ್ಟುನಿಟ್ಟು ನ್ಯಾಯವಾದುದೇ. ಆದರೆ ಹೆದ್ದಾರಿಯ ಪಕ್ಕದಲ್ಲಿ, 1976ರಲ್ಲಿ ಮರಿಯಾ ರೈಖೆ ಅವರು ಹಾಕಿಸಿದ ಕಬ್ಬಿಣದ ಗೋಪುರದಿಂದ ‘ಮರ’ ಮತ್ತು ‘ಕೈಗಳು’ ಎಂಬ ಎರಡು ಚಿತ್ರಗಳು ಸ್ಪಷ್ಟವಾಗಿ ಕಾಣುತ್ತವೆ. ಆ ‘ಕೈಗಳ’ಲ್ಲಿಯೂ ಒಂದಕ್ಕೆ ನಾಲ್ಕೇ ಬೆರಳುಗಳಿವೆ. ಚಿತ್ರಕಲೆಯ ಮೇಷ್ಟ್ರು ಅದನ್ನು ನೋಡಲೇಬೇಕು.

ಇನ್ನೊಂದು ಸಲಹೆ. ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳ ಮುರಕಲ್ಲಿನ ಬಯಲುಗಳಲ್ಲಿ ಮರಾಠಿಯವರು ‘ಕಾತಳಶಿಲ್ಪ’ ಎನ್ನುವ ಬಂಡೆಚಿತ್ರಗಳಿವೆ. ಕಶೇಳಿಯ ಆನೆಯ ಆಕೃತಿ ಸುಮಾರು 18 ಮೀಟರ್ ಉದ್ದವಿದ್ದು, ಅದರ ಹೊಟ್ಟೆಯೊಳಗೆ ಹಲವಾರು ಪ್ರಾಣಿಗಳಿವೆ. ನಾಸ್ಕಾದಲ್ಲಿ ಕಲ್ಲನ್ನು ಸರಿಸಿದರು, ಇಲ್ಲಿ ಕಲ್ಲನ್ನೇ ಕೊರೆದರು. ಕಶೇಳಿ, ಬಾರಸೂ, ನಮ್ಮ ಗೋವಾದ ಫನಸಾಯಮಳ ಇವೆಲ್ಲ 2022ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಅವುಗಳ ಅಂಚಿನಲ್ಲಿ ಒಮ್ಮೆ ತಂದೆಯವರನ್ನು ನಿಧಾನವಾಗಿ ಸುತ್ತು ಹಾಕಿಸಿರಿ. ನಾಸ್ಕಾದಲ್ಲಿ ಮೇಲಿನಿಂದ ಏನನ್ನು ಹುಡುಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಉತ್ತರ 3: ಮುಲುಂಡ್‌ನಿಂದ

ನಾನು ವೈದ್ಯ. ಪೆರುವಿನಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿರಬೇಕು. ಲಸಿಕೆ ಹಾಕಿಸಿ ಹತ್ತು ದಿನಗಳಾದ ಮೇಲಷ್ಟೇ ಅದಕ್ಕೆ ಮಾನ್ಯತೆ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಅಪರೂಪಕ್ಕೆ ತೀವ್ರ ತೊಂದರೆಯಾಗುವುದುಂಟು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ತಂದೆಯವರನ್ನು ಅವರ ವೈದ್ಯರಿಗೂ ಸರ್ಕಾರಿ ಲಸಿಕಾ ಕೇಂದ್ರಕ್ಕೂ ತೋರಿಸಿರಿ. ವಾಂತಿಯ ಮಾತ್ರೆಯನ್ನೂ ರಕ್ತದೊತ್ತಡದ ಔಷಧಿಯ ಜೊತೆ ಹೊಂದುತ್ತದೆಯೇ ಎಂದು ಕೇಳಿಯೇ ಕೊಡಿರಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಲ್ಲ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ಗೆರೆಯ ಮೇಲೆ ಸಾಲಾಗಿ ನಡೆಯುವ ಮಾತು ಬಂದಾಗ ಅವರು ನನ್ನನ್ನು ತಡೆದು, ಅಂದು ಅಂಗಳದಲ್ಲಿದ್ದ ಮಕ್ಕಳನ್ನು ತಾವು ಕೋತಿಯ ಬಾಲದ ಸುರುಳಿಯ ಮೇಲೆ ಒಬ್ಬರ ಹಿಂದೆ ಒಬ್ಬರಂತೆ ನಡೆಸಿದ್ದಾಗಿಯೂ, ನಾನು ಮಹಡಿಗೆ ಓಡಿದ್ದರಿಂದ ಅದು ನನಗೆ ಗೊತ್ತಿಲ್ಲವೆಂದೂ ಹೇಳಿದರು. ಮಳೆ ನಿಂತ ಮೇಲೆ ಕೊಂಕಣ ರೈಲಿನಲ್ಲಿ ಕಶೇಳಿಗೆ ಹೋಗಿಬರುತ್ತೇವೆ. ಲಸಿಕೆಯ ವಿಷಯವನ್ನು ಈ ವಾರವೇ ವೈದ್ಯರಲ್ಲಿ ಕೇಳುತ್ತೇನೆ. ಅವರಿಗೆ ಮಂಡಿನೋವಿದೆ. ಆ ಕಬ್ಬಿಣದ ಗೋಪುರವನ್ನು ಹತ್ತಲಾದೀತೇ?

ಉತ್ತರ: ಪುಣೆ, ಕೊಥ್ರೂಡ್‌ನಿಂದ

ಗೋಪುರ ಹದಿಮೂರು ಮೀಟರ್ ಎತ್ತರವಿದೆ. ನಡುನಡುವೆ ನಿಂತು ಹತ್ತಿಸಿರಿ, ತಾವು ಹಿಂದಿನಿಂದ ಬನ್ನಿರಿ. ಬೆಳಿಗ್ಗೆ ಬೇಗ ಹೋದರೆ ಕಬ್ಬಿಣವೂ ಕಾದಿರುವುದಿಲ್ಲ.