ಒಂದೇ ಸಂಜೆಗೆ ಮುಗಿಯುವ ಕ್ವಿಯರ್ ವಿಷುಯಲ್ ನಾವೆಲ್‌ಗಳು: ಯಾವುದರಿಂದ ಶುರು ಮಾಡಲಿ?

ನಾನು ಗೇಮ್ ಆಡುವವಳಲ್ಲ, ಕತೆ ಓದುವವಳು. ಈಚೆಗೆ ಗೆಳತಿಯೊಬ್ಬಳು ವಿಷುಯಲ್ ನಾವೆಲ್ ಅಂತ ಒಂದಿದೆ, ಚಿತ್ರ, ಸಂಗೀತ, ಮಾತು ಎಲ್ಲ ಸೇರಿ ಕತೆ ಹೇಳುತ್ತದೆ, ನೋಡು ಅಂದಳು. ನನಗೆ ಚಿಕ್ಕದಿರಬೇಕು. ದೊಡ್ಡ ಕಂಪನಿಯದ್ದು ಬೇಡ, ಒಬ್ಬಿಬ್ಬರು ಮನಸ್ಸಿಟ್ಟು ಮಾಡಿದ್ದಾದರೆ ಒಳ್ಳೆಯದು. ಕ್ವಿಯರ್ ಪಾತ್ರಗಳು, ಅಂದರೆ ಸಲಿಂಗ ಪ್ರೇಮಿಗಳು, ಟ್ರಾನ್ಸ್ ಜನ ಇಂಥವರು, ಕತೆಯ ನಡುವಿನಲ್ಲೇ ಇರಬೇಕು, ಮೂಲೆಯಲ್ಲಿ ಬಂದು ಹೋಗುವುದಲ್ಲ. ಕೊನೆಗೆ ಪ್ರೀತಿಸಿದವರಲ್ಲಿ ಒಬ್ಬರು ಸಾಯುವ ಕತೆಗಳು ಸಾಕಾಗಿವೆ. ಆಡಿದವರು ನಿಮ್ಮ ಅನುಭವ ಹೇಳ್ತೀರಾ?

* * *

ಬಟರ್‌ಫ್ಲೈ ಸೂಪ್‌ನಿಂದ ಶುರು ಮಾಡಿ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ಬ್ರಿಯಾನಾ ಲೇ ಇದನ್ನು 2017ರಲ್ಲಿ ಬಿಡುಗಡೆ ಮಾಡಿದರು. ಕತೆ ನಡೆಯುವುದು 2008ರ ಕ್ಯಾಲಿಫೋರ್ನಿಯಾದಲ್ಲಿ. ಆಗಷ್ಟೇ ಹೈಸ್ಕೂಲ್ ಸೇರಿದ ನಾಲ್ಕು ಹುಡುಗಿಯರು, ಒಂದು ಬೇಸ್‌ಬಾಲ್ ಕ್ಲಬ್. ದಿಯಾ ಮತ್ತು ಅಕರ್ಷಾ ಭಾರತೀಯ ಮೂಲದ ಮನೆಯವರು, ಮಿನ್ ಕೊರಿಯನ್ ಮನೆಯವಳು, ನೋಯೆಲ್ ತೈವಾನ್ ಮೂಲದವಳು. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಏನೂ ತೊಂದರೆ ಇಲ್ಲ. ದಿಯಾಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ, ಮಿನ್‌ಗೆ ಸುಮ್ನೆ ಇರಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಜೊತೆಗಿದ್ದ ಇಬ್ಬರೂ ಮತ್ತೆ ಸಿಗುತ್ತಾರೆ. ಪ್ರೀತಿ ಹುಟ್ಟುವುದು ತಮಾಷೆ, ಜಗಳ, ಚಾಟ್ ಮೆಸೇಜ್‌ಗಳ ನಡುವೆ.

ನನಗೆ ಇದು ಇಷ್ಟು ಹತ್ತಿರವಾಗಲು ಒಂದು ಕಾರಣ ಇದೆ. ಅಧ್ಯಾಯ ಬದಲಾದಂತೆ ಕತೆ ಹೇಳುವ ಹುಡುಗಿಯೂ ಬದಲಾಗುತ್ತಾಳೆ. ನೋಯೆಲ್ ದೂರದಿಂದ ಬರೀ ಸಿಡುಕಿ. ಅವಳ ಸರದಿ ಬಂದಾಗ ಮನೆಯಲ್ಲಿ ಅವಳ ಮೇಲೆ ಎಷ್ಟು ಒತ್ತಡ ಇದೆ ಅಂತ ಗೊತ್ತಾಗುತ್ತದೆ, ಆಮೇಲೆ ಅವಳ ಮೇಲೆ ಸಿಟ್ಟೇ ಬರುವುದಿಲ್ಲ. ಅಕರ್ಷಾಳ ತಮಾಷೆಯೂ ಹಾಗೇ. ಅವಳ ತಲೆಯೊಳಗೆ ಹೋದ ಮೇಲೆ ಅದೇ ತಮಾಷೆ ಬೇರೆ ಥರ ಕೇಳಿಸುತ್ತದೆ. ತಂದೆ ತಾಯಿಯ ಬಿಗಿ, ಮಕ್ಕಳು ಮುಚ್ಚಿಡುವ ಮಾತು, ಇವನ್ನು ಇಷ್ಟು ಸರಿಯಾಗಿ ಬರೆದ ಗೇಮ್ ನಾನು ಇನ್ನೊಂದು ಕಂಡಿಲ್ಲ. ಒಂದು ಮಾತು ಮೊದಲೇ ಹೇಳಿಬಿಡ್ತೇನೆ: ಮಿನ್‌ಳ ಮನೆಯಲ್ಲಿ ಅಪ್ಪನ ಹೊಡೆತ ಇದೆ.

ಚಿಕ್ಕ ತಂಡಗಳ ಗೇಮ್‌ಗಳು ಸಿಗುವ ಇಚ್ ಡಾಟ್ ಐಓ ಜಾಲತಾಣದಲ್ಲಿ ನಿಮಗೆ ತೋಚಿದಷ್ಟು ಕೊಟ್ಟು ಇಳಿಸಿಕೊಳ್ಳಬಹುದು. ಏನೂ ಕೊಡದೆಯೂ ಆಡಬಹುದು. ಮುಗಿಸಿ ಇಷ್ಟವಾದರೆ ವಾಪಸ್ ಹೋಗಿ ಕೈಲಾದಷ್ಟು ಕೊಡಿ. 2022ರಲ್ಲಿ ಎರಡನೇ ಭಾಗವೂ ಬಂದಿದೆ.

* * *

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಬಟರ್‌ಫ್ಲೈ ಸೂಪ್‌ಗೆ ಕೆಲವು ಗಂಟೆ ಬೇಕು. ಅದಕ್ಕೂ ಚಿಕ್ಕದು ಬೇಕಿದ್ದರೆ ಒನ್ ನೈಟ್, ಹಾಟ್ ಸ್ಪ್ರಿಂಗ್ಸ್ ನೋಡಿ. 2018ರದ್ದು, ಮಾಡಿದವರು ಎನ್‌ಪಿಸಿಕೆಸಿ ಅನ್ನುವ ಹೆಸರಿನವರು. ಉಚಿತ. ಒಂದು ಸಲ ಆಡಲು ಒಂದು ಗಂಟೆ ಸಾಕು.

ಹಾರು ಜಪಾನಿನ ಟ್ರಾನ್ಸ್ ಹುಡುಗಿ. ಗೆಳತಿ ಮನಾಮಿ ಹುಟ್ಟುಹಬ್ಬಕ್ಕೆ ಬಿಸಿನೀರಿನ ಬುಗ್ಗೆಗೆ ಕರೆಯುತ್ತಾಳೆ. ಅಲ್ಲಿ ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ ಸ್ನಾನ. ಹಾರು ಎಲ್ಲಿಗೆ ಹೋಗಬೇಕು? ಕತೆ ಇಷ್ಟೇ. ಒಂದು ರಾತ್ರಿ, ಮೂವರು ಗೆಳತಿಯರು, ಒಂದಷ್ಟು ಮುಜುಗರ. ಖಳನಾಯಕ ಇಲ್ಲ, ಕಿರುಚಾಟ ಇಲ್ಲ. ಬೇರೆಯವರಿಗೆ ಗಮನಕ್ಕೂ ಬಾರದ ಸಣ್ಣ ಸಂಗತಿಗೆ ಹಾರು ಎಷ್ಟೊಂದು ಲೆಕ್ಕ ಹಾಕಬೇಕಾಗುತ್ತದೆ ಅನ್ನೋದು ಗೇಮ್ ನಮ್ಮ ಮುಂದಿಡುವ ಆಯ್ಕೆಗಳಲ್ಲೇ ಕಾಣುತ್ತದೆ. ಯಾಕೆಂದರೆ ಆ ಲೆಕ್ಕ ಹಾಕುವವರು ಈಗ ನಾವು. ಪುಸ್ತಕದಲ್ಲಿ ಇದನ್ನೇ ಓದಿದ್ದರೆ ಅಯ್ಯೋ ಪಾಪ ಅಂದುಕೊಂಡು ಮುಂದೆ ಹೋಗುತ್ತಿದ್ದೆನೇನೋ. ಇಲ್ಲಿ ಬಾಯಿಬಿಟ್ಟು ಹೇಳಲೋ ಸುಮ್ಮನಿರಲೋ ಅಂತ ಮೌಸ್ ಹಿಡಿದು ಕೂತಿದ್ದೆ.

ಇದೇ ಗೆಳತಿಯರ ಇನ್ನೆರಡು ಕತೆಗಳಿವೆ. ಒಂದು ಮೂರನೆಯ ಗೆಳತಿ ಎರಿಕಾಳದು, ಇನ್ನೊಂದು ಮನಾಮಿಯದು. ಮೂರೂ ಸೇರಿ ಎ ಇಯರ್ ಆಫ್ ಸ್ಪ್ರಿಂಗ್ಸ್ ಅನ್ನುವ ಹೆಸರಿನಲ್ಲಿ ಸಿಗುತ್ತವೆ. ಮನಾಮಿಯ ಭಾಗವನ್ನು ಬಿಡಬೇಡಿ. ದೇಹದ ಆಕರ್ಷಣೆ ಇಲ್ಲದ ಪ್ರೀತಿಯ ಬಗ್ಗೆ ಇಷ್ಟು ಮೆತ್ತಗೆ ಮಾತಾಡುವ ಕತೆಗಳು ಕಡಿಮೆ.

* * *

ಹೈಸ್ಕೂಲ್ ದಾಟಿದವರ ಕತೆಗಳೂ ಬೇಕಲ್ವಾ? ನನ್ನ ಕಡೆಯಿಂದ ಎರಡು.

ಇಫ್ ಫೌಂಡ್ 2020ರದ್ದು. ಡ್ರೀಮ್‌ಫೀಲ್ ಅನ್ನುವ ಐರಿಷ್ ತಂಡದ್ದು. 1993ರ ಡಿಸೆಂಬರ್, ಐರ್ಲೆಂಡಿನ ಅಕಿಲ್ ದ್ವೀಪ. ಕ್ಯಾಸಿಯೋ ಅನ್ನುವ ಟ್ರಾನ್ಸ್ ಹುಡುಗಿ ಓದು ಮುಗಿಸಿ ಮನೆಗೆ ಬಂದಿದ್ದಾಳೆ. ಅವಳು ಯಾರು ಅನ್ನೋದನ್ನು ಅಮ್ಮ ಒಪ್ಪುವುದಿಲ್ಲ. ಆಡುವ ರೀತಿಯೇ ವಿಶೇಷ: ಪರದೆಯ ಮೇಲೆ ಅವಳ ಡೈರಿ ಇರುತ್ತದೆ, ನಾವು ರಬ್ಬರಿನಿಂದ ಅದನ್ನು ಒಂದೊಂದೇ ಪುಟವಾಗಿ ಅಳಿಸುತ್ತಾ ಹೋಗಬೇಕು. ಅಳಿಸಿದರೇನೇ ಕತೆ ಮುಂದಕ್ಕೆ. ಅವಳು ಖುಷಿಯಾಗಿದ್ದ ಪುಟ ಬಂದಾಗ ನನಗೆ ಅಳಿಸಲು ಕೈ ಬರಲಿಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಕಾನೂನು ಐರ್ಲೆಂಡಿನಲ್ಲಿ ಹೋಗಿದ್ದು ಅದೇ 1993ರಲ್ಲಿ. ಕಾನೂನು ಬದಲಾದ ಮಾತ್ರಕ್ಕೆ ಮನೆಯ ಊಟದ ಮೇಜು ಬದಲಾಗಲಿಲ್ಲ ಅನ್ನೋದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಹಣ ಕೊಟ್ಟು ಕೊಳ್ಳಬೇಕು.

ಎರಡನೆಯದು ಎ ಸಮ್ಮರ್ಸ್ ಎಂಡ್: ಹಾಂಗ್‌ಕಾಂಗ್ 1986. ಅಮ್ಮನ ಮಾತು ಮೀರದ, ಆಫೀಸು ಮನೆ ಅಂತಿರುವ ಮಿಶೆಲ್, ತನ್ನಿಷ್ಟದಂತೆ ಬದುಕುವ ಸ್ಯಾಮ್, ಇಬ್ಬರೂ ಹೆಣ್ಣುಮಕ್ಕಳು. ಬ್ರಿಟಿಷರ ಕೈಯಲ್ಲಿದ್ದ ನಗರವನ್ನು 1997ರಲ್ಲಿ ಚೀನಾಕ್ಕೆ ಒಪ್ಪಿಸುವುದು ಅಂತ 1984ರಲ್ಲೇ ಒಪ್ಪಂದ ಆಗಿತ್ತು. ನಾಳೆ ಏನೋ ಅನ್ನುವ ಆ ಊರಿನ ಆತಂಕವೂ ಇವರ ಪ್ರೀತಿಯಲ್ಲಿ ಸೇರಿಕೊಂಡಿದೆ. ನೀವು ಕೇಳಿದ್ದಕ್ಕಿಂತ ಉದ್ದ, ವಾರಾಂತ್ಯಕ್ಕೆ ಇಟ್ಟುಕೊಳ್ಳಿ.

* * *

ಆಡುವುದರ ಬಗ್ಗೆ ಎರಡು ಮಾತು. ಇಂಥವು ಬಹಳಷ್ಟು ರೆನ್‌ಪೈನಲ್ಲಿ ಮಾಡಿದವು. ಅದು ಉಚಿತ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, 2004ರಿಂದ ಇದೆ. ಒಬ್ಬರೇ ಕೂತು ಇಡೀ ಗೇಮ್ ಮಾಡಲು ಆಗುವುದೂ ಅದರಿಂದಲೇ. ಆದ್ದರಿಂದ ಕೀಲಿಗಳು ಸಾಮಾನ್ಯವಾಗಿ ಎಲ್ಲದರಲ್ಲೂ ಒಂದೇ. ಮೌಸ್ ಚಕ್ರ ಮೇಲಕ್ಕೆ ತಿರುಗಿಸಿದರೆ ಹಿಂದಿನ ಮಾತಿಗೆ ಹೋಗಬಹುದು. ಎಚ್ ಒತ್ತಿದರೆ ಬರಹ ಮರೆಯಾಗಿ ಪೂರ್ತಿ ಚಿತ್ರ ಕಾಣುತ್ತದೆ. ಕಂಟ್ರೋಲ್ ಒತ್ತಿ ಹಿಡಿದರೆ ಓದಿದ ಭಾಗ ಸರಸರ ಓಡುತ್ತದೆ. ವಿ ಒತ್ತಿದರೆ ಕಂಪ್ಯೂಟರೇ ಓದಿ ಹೇಳುತ್ತದೆ, ಕಣ್ಣಿಗೆ ಆಯಾಸ ಇರುವವರಿಗೆ ಉಪಯೋಗ.

ಹೊಸದು ಹುಡುಕಲು ಇಚ್‌ನಲ್ಲಿ ವಿಷುಯಲ್ ನಾವೆಲ್ ವಿಭಾಗಕ್ಕೆ ಹೋಗಿ ಎಲ್‌ಜಿಬಿಟಿ ಟ್ಯಾಗ್ ಹಾಕಿ. ಅರ್ಧ ಗಂಟೆ, ಒಂದು ಗಂಟೆ ಅಂತ ಆಟದ ಉದ್ದ ನೋಡಿ ಆರಿಸುವ ಸೌಲಭ್ಯವೂ ಇದೆ. ಪ್ರತಿ ಮಾರ್ಚ್‌ನಲ್ಲಿ ನ್ಯಾನೋರೆನೋ ನಡೆಯುತ್ತದೆ. ಒಂದೇ ತಿಂಗಳಲ್ಲಿ ಒಂದು ವಿಷುಯಲ್ ನಾವೆಲ್ ಮುಗಿಸುವ ಪಂಥ ಅದು. ಅದಾದ ಮೇಲೆ ಚಿಕ್ಕ ಚಿಕ್ಕ ಕತೆಗಳು ರಾಶಿ ಬರುತ್ತವೆ.

ಇಳಿಸುವ ಮೊದಲು ಮಾಡಿದವರ ಪುಟವನ್ನು ಪೂರ್ತಿ ಓದಿ. ಮಿಸ್ಡ್ ಮೆಸೇಜಸ್ ಅಂತ ಒಂದಿದೆ, 2019ರದ್ದು. ಚಿತ್ರಗಳು ಬಹಳ ಚೆಂದ, ಉಚಿತ ಬೇರೆ. ಆದರೆ ಆತ್ಮಹತ್ಯೆಯ ವಿಷಯ ಇದೆ. ಗೊತ್ತಿಲ್ಲದೆ ಅದರೊಳಗೆ ಹೋಗುವುದು ಬೇಡ.

* * *

ಎಲ್ಲರಿಗೂ ಥ್ಯಾಂಕ್ಸ್! ಬಟರ್‌ಫ್ಲೈ ಸೂಪ್ ಇಳಿಸಿಕೊಂಡೆ. ಇನ್ನೆರಡು ಪ್ರಶ್ನೆ. ನಾವು ಆರಿಸಿದ್ದಕ್ಕೆ ತಕ್ಕಂತೆ ಬೇರೆ ಬೇರೆ ಮುಕ್ತಾಯ ಇರುವ ಕಡೆ ಎಲ್ಲವನ್ನೂ ನೋಡಬೇಕಾ? ಮತ್ತೆ, ಗಂಡಸರ ಕತೆಗಳು ಯಾಕೆ ಯಾರೂ ಹೇಳಲಿಲ್ಲ?

* * *

ಗಂಡಸರದ್ದು ಅಂದರೆ ಡ್ರೀಮ್ ಡ್ಯಾಡಿ, 2017. ಹೆಂಡತಿಯೋ ಗಂಡನೋ (ಯಾರು ಅನ್ನೋದು ನಿಮ್ಮ ಆಯ್ಕೆ) ತೀರಿಕೊಂಡ ಮೇಲೆ ಮಗಳೊಂದಿಗೆ ಹೊಸ ಜಾಗಕ್ಕೆ ಬಂದ ಅಪ್ಪ, ಅಕ್ಕಪಕ್ಕದಲ್ಲಿ ಅವನು ಪ್ರೀತಿಸಬಹುದಾದ ಏಳು ಜನ ಅಪ್ಪಂದಿರು. ಎಲ್ಲರ ಕತೆಯನ್ನೂ ನೋಡಹೊರಟರೆ ಉದ್ದವಾಗುತ್ತದೆ. ಒಬ್ಬರನ್ನು ಆರಿಸಿಕೊಂಡು ಮುಗಿಸಿ. ನನಗೆ ಅದರಲ್ಲಿ ಪ್ರೇಮಕ್ಕಿಂತ ಕಾಲೇಜಿಗೆ ಹೊರಟು ನಿಂತ ಮಗಳು ಅಮಾಂಡಾ ಮತ್ತು ಅಪ್ಪನ ಮಾತುಗಳೇ ಜಾಸ್ತಿ ಹಿಡಿಸಿದವು.

ಮುಕ್ತಾಯಗಳ ವಿಷಯಕ್ಕೆ ಬಂದರೆ, ಮೊದಲ ಸಲ ಯಾರ ಸಲಹೆಯನ್ನೂ ನೋಡದೆ ಮನಸ್ಸಿಗೆ ಬಂದದ್ದನ್ನೇ ಆರಿಸಿ. ಸಿಕ್ಕ ಮುಕ್ತಾಯದೊಂದಿಗೆ ಒಂದು ದಿನ ಇರಿ. ಆಮೇಲೆ ಬೇರೆಯದನ್ನು ಹುಡುಕಿ. ಹಾಟ್ ಸ್ಪ್ರಿಂಗ್ಸ್‌ನಲ್ಲಿ ಹಾರು ಬೇಗ ಮನೆಗೆ ಹೊರಟುಬಿಡುವ ದಾರಿಯೂ ಇದೆ. ಅದನ್ನು ಸೋಲು ಅಂದುಕೊಳ್ಳಬೇಡಿ, ಅದೂ ಅವಳ ಕತೆಯೇ.

ವಿ ನೋ ದ ಡೆವಿಲ್ ಮಾತ್ರ ಇದಕ್ಕೆ ಹೊರತು. 2015ರದ್ದು, ಕ್ರೈಸ್ತ ಬೇಸಿಗೆ ಶಿಬಿರದಲ್ಲಿ ಒಂದು ರಾತ್ರಿ ಕಳೆಯಬೇಕಾದ ಮೂವರು ಹದಿಹರೆಯದವರ ಕತೆ. ಪ್ರತಿ ಸಲ ಇಬ್ಬರನ್ನು ಜೋಡಿ ಮಾಡಬೇಕು, ಮೂರನೆಯವರು ಹೊರಗುಳಿಯುತ್ತಾರೆ. ಒಂದೇ ಸಲಕ್ಕೆ ನಿಲ್ಲಿಸಿದರೆ ಅದು ಹೇಳಹೊರಟಿದ್ದು ಅರ್ಧವೂ ತಲುಪುವುದಿಲ್ಲ. ಸ್ವಲ್ಪ ಹೆದರಿಸುತ್ತದೆ ಕೂಡ, ಹಾಗಾಗಿ ಬಟರ್‌ಫ್ಲೈ ಸೂಪ್ ಮತ್ತು ಹಾಟ್ ಸ್ಪ್ರಿಂಗ್ಸ್ ಎರಡರ ನಂತರ ಇಟ್ಟುಕೊಳ್ಳಿ. ಮುಗಿಸಿದ ಮೇಲೆ ಮೂವರಲ್ಲಿ ಯಾರನ್ನು ಮೊದಲು ಹೊರಗಿಟ್ಟಿರಿ ಅಂತ ಇಲ್ಲಿ ಬರೆಯಿರಿ, ನನಗೆ ತಿಳಿಯುವ ಆಸೆ.